ನಗರದಲ್ಲಿ ಯುವ ನಾಯಕತ್ವದ ಸಂಸ್ಥೆ ಕಟ್ಟುವುದು ಹೇಗೆ: ಬೈಲಾದಿಂದ ಮೊದಲ ತಂಡದವರೆಗೆ

‘ನಾವು ಎಂಟು-ಹತ್ತು ಜನ ಗೆಳೆಯರಿದ್ದೇವೆ. ನಮ್ಮ ಊರಿನ ಹುಡುಗ-ಹುಡುಗಿಯರಲ್ಲಿ ನಾಯಕತ್ವ ಬೆಳೆಸುವ ಒಂದು ಸಂಸ್ಥೆ ಮಾಡಬೇಕಂತಿದೆ. ಟ್ರಸ್ಟ್ ಮಾಡೋಣವೋ, ಸಂಘ ಮಾಡೋಣವೋ? ದುಡ್ಡಿಗೆ ಏನು ದಾರಿ?’

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ನೋಂದಣಿಯೇ ದೊಡ್ಡ ಗುಡ್ಡ ಎಂದುಕೊಂಡಿರುತ್ತಾರೆ. ಕಾಗದ ಸರಿ ಇದ್ದರೆ ಅದು ಕೆಲವು ವಾರಗಳ ಓಡಾಟ, ಅಷ್ಟೇ. ಇಂಥ ಸಂಸ್ಥೆಗಳು ಕೆಡುವುದು ಬೇರೆ ಎರಡು ಕಡೆ. ಒಂದು, ಇನ್ಯಾರದೋ ಬೈಲಾ (ನಿಯಮಾವಳಿ) ನಕಲು ಮಾಡಿ ಸಹಿ ಹಾಕಿದ ದಿನ. ಇನ್ನೊಂದು, ನಿಜವಾದ ತೀರ್ಮಾನ ಮತ್ತು ನಿಜವಾದ ಹಣವನ್ನು ಹತ್ತೊಂಬತ್ತು ವರ್ಷದವರ ಕೈಗೆ ಕೊಡಲು ಹಿರಿಯರು ಹಿಂಜರಿದ ದಿನ. ಹಾಗಾಗಿ ಇಲ್ಲಿ ಆ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ನೋಂದಣಿಯ ಕಾನೂನು ಕರ್ನಾಟಕದ ಎಲ್ಲ ನಗರಗಳಿಗೂ ಒಂದೇ. ಕ್ಷೇತ್ರ ಕೆಲಸದ ಉದಾಹರಣೆಗಳು ಹುಬ್ಬಳ್ಳಿ-ಧಾರವಾಡದ ಕಡೆಯವು. ನಿಮ್ಮದು ಮೈಸೂರೋ ಮಂಗಳೂರೋ ಆದರೆ ಕಚೇರಿಗಳ ಹೆಸರು ಬದಲಿಸಿಕೊಳ್ಳಿ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದವು: 18 ವರ್ಷ ತುಂಬಿದ ಕನಿಷ್ಠ 7 ಜನ, ಅವರೆಲ್ಲರ ಗುರುತಿನ ಚೀಟಿ, ವಿಳಾಸದ ದಾಖಲೆ ಮತ್ತು ಫೋಟೊ, ಸಂಸ್ಥೆಯ ವಿಳಾಸವಾಗಿ ತೋರಿಸಲು ಒಂದು ಕೋಣೆ, ಆ ಕೋಣೆಯ ಇತ್ತೀಚಿನ ಕರೆಂಟ್ ಬಿಲ್ಲು ಹಾಗೂ ಮಾಲೀಕರ ಒಪ್ಪಿಗೆ ಪತ್ರ ಅಥವಾ ಬಾಡಿಗೆ ಕರಾರು. ಇದರ ಜೊತೆಗೆ ಒಬ್ಬ ಲೆಕ್ಕಪರಿಶೋಧಕರ, ಅಂದರೆ ಸಿಎ ಅವರ ಪರಿಚಯ. ಅವರನ್ನು ವರ್ಷದ ಕೊನೆಗೆ ಹುಡುಕುವುದಲ್ಲ, ಮೊದಲ ದಿನವೇ ಹುಡುಕಿಕೊಳ್ಳಿ.

1. ಸಂಘವೋ, ಟ್ರಸ್ಟೋ, ಕಂಪನಿಯೋ

ದಾರಿ ಮೂರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ. ಉಪ ನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಮಾಡುವ ಸಾರ್ವಜನಿಕ ದತ್ತಿ ಟ್ರಸ್ಟ್. ಕಂಪನಿ ಕಾಯ್ದೆ, 2013ರ ಸೆಕ್ಷನ್ 8ರ ಅಡಿ ಲಾಭ ಹಂಚದ ಕಂಪನಿ.

ಟ್ರಸ್ಟ್ ಮಾಡುವುದು ಸುಲಭ, ಇಬ್ಬರು ಇದ್ದರೂ ಆಗುತ್ತದೆ. ಆದರೆ ಅಲ್ಲಿ ಟ್ರಸ್ಟಿಗಳನ್ನು ಯಾರೂ ಚುನಾಯಿಸುವುದಿಲ್ಲ. ಪತ್ರದಲ್ಲಿ ಬೇರೆ ಬರೆಯದಿದ್ದರೆ ಅವರು ಆಜೀವ ಕೂರಬಹುದು. ಯುವಜನರಿಗೆ ನಾಯಕತ್ವ ಕಲಿಸುವ ಸಂಸ್ಥೆಯಲ್ಲಿ ಚುನಾವಣೆಯೇ ಇಲ್ಲದಿದ್ದರೆ ಹೇಗೆ? ಸೆಕ್ಷನ್ 8 ಕಂಪನಿಗೆ ಕಾರ್ಪೊರೇಟ್ ದಾನಿಗಳಲ್ಲಿ ಮರ್ಯಾದೆ ಇದೆ, ಆದರೆ ಪ್ರತಿ ವರ್ಷ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಬೇಕಾದ ಕಾಗದ ಮತ್ತು ಅದರ ಖರ್ಚು ಸಣ್ಣ ಗುಂಪಿನ ಬೆನ್ನು ಮುರಿಯುತ್ತದೆ. ಸದಸ್ಯತ್ವ, ಸರ್ವಸಾಧಾರಣ ಸಭೆ, ಮತದಾನ ಮೂರೂ ಕಾನೂನಿನಲ್ಲೇ ಇರುವುದು ಸಂಘದಲ್ಲಿ. ನಗರ ಮಟ್ಟದ ಯುವ ಸಂಸ್ಥೆಗೆ ನಮ್ಮ ಶಿಫಾರಸು ಸಂಘವೇ. ಮುಂದಿನ ಹಂತಗಳನ್ನು ಹಾಗೆಂದುಕೊಂಡೇ ಬರೆದಿದೆ.

2. ಹೆಸರು ಮತ್ತು ಉದ್ದೇಶ

ಹೆಸರು ಮೂರು ಆರಿಸಿಟ್ಟುಕೊಳ್ಳಿ, ಒಂದು ಬೇರೆಯವರ ಹೆಸರಿಗೆ ಹೋಲುತ್ತದೆಂದು ತಿರಸ್ಕೃತವಾಗುವ ಸಾಧ್ಯತೆ ಇರುತ್ತದೆ. ಸರ್ಕಾರದ್ದೋ ಕೇಂದ್ರದ್ದೋ ಎಂಬ ಭಾವನೆ ತರುವ ‘ರಾಷ್ಟ್ರೀಯ’, ‘ಭಾರತ ಸರ್ಕಾರ’, ‘ಆಯೋಗ’ ಮುಂತಾದ ಪದ ಬೇಡ. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಇಂಥ ಬಳಕೆಗೆ ಅಡ್ಡಿ ಮಾಡುತ್ತದೆ. ಅಶೋಕ ಸ್ತಂಭದ ಚಿತ್ರ ಲೆಟರ್‌ಹೆಡ್ಡಿನಲ್ಲಿ ಹಾಕುವ ಚಪಲವೂ ಬೇಡ.

ಉದ್ದೇಶಗಳನ್ನು ಮೆಮೊರಾಂಡಂ ಎಂಬ ಪತ್ರದಲ್ಲಿ ಬರೆಯಬೇಕು. ಇದು ಸಂಘ ಯಾಕೆ ಹುಟ್ಟಿದೆ ಎಂದು ಹೇಳುವ ಜ್ಞಾಪನ ಪತ್ರ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ವೃದ್ಧಾಶ್ರಮ, ಗೋಶಾಲೆ, ಆಸ್ಪತ್ರೆ, ಯೋಗ, ಕಂಪ್ಯೂಟರ್ ತರಬೇತಿ ಎಂದು ಇಪ್ಪತ್ತೈದು ಉದ್ದೇಶ ತುರುಕುವುದು. ‘ಮುಂದೆ ಬೇಕಾಗಬಹುದು’ ಎಂಬ ಲೆಕ್ಕಾಚಾರ. ತೆರಿಗೆ ಅಧಿಕಾರಿ ಪ್ರತಿಯೊಂದಕ್ಕೂ ‘ಇದರಲ್ಲಿ ಏನು ಮಾಡಿದ್ದೀರಿ’ ಎಂದು ಕೇಳುವಾಗ ಉತ್ತರ ಇರುವುದಿಲ್ಲ. ನಾಲ್ಕೈದು ಉದ್ದೇಶ ಸಾಕು: ನಗರದ ಯುವಜನರಿಗೆ ನಾಗರಿಕ ಶಿಕ್ಷಣ, ಸ್ಥಳೀಯ ಆಡಳಿತದ ತಿಳಿವಳಿಕೆ, ಸಮುದಾಯ ಸೇವಾ ಯೋಜನೆಗಳ ಮೂಲಕ ನಾಯಕತ್ವ ತರಬೇತಿ, ಗ್ರಂಥಾಲಯ, ಚರ್ಚಾಕೂಟ ನಡೆಸುವುದು, ಇವಕ್ಕೆ ಪೂರಕ ಕೆಲಸಗಳು.

ಯಾರನ್ನು ‘ಯುವ’ ಎನ್ನುತ್ತೀರಿ ಎಂಬುದನ್ನೂ ಬರೆದುಬಿಡಿ. 2014ರ ರಾಷ್ಟ್ರೀಯ ಯುವ ನೀತಿಯಲ್ಲಿ 15ರಿಂದ 29 ವರ್ಷ. ಅದನ್ನೇ ಇಟ್ಟುಕೊಂಡರೆ ಸರ್ಕಾರದ ಯೋಜನೆಗಳ ಜೊತೆ ಹೊಂದುತ್ತದೆ.

3. ಬೈಲಾ: ಇಲ್ಲಿ ಒಂದು ವಾರ ಕೂತರೂ ತಪ್ಪಿಲ್ಲ

ಬೈಲಾ ಎಂದರೆ ಸಂಘ ಹೇಗೆ ನಡೆಯಬೇಕು ಎಂಬ ನಿಯಮಾವಳಿ. ಕಚೇರಿಯ ಹೊರಗೆ ಟೈಪ್ ಮಾಡುವವರ ಬಳಿ ಸಿದ್ಧ ಪ್ರತಿ ಸಿಗುತ್ತದೆ. ಹೆಸರು ಬದಲಿಸಿ ಕೊಡುತ್ತಾರೆ. ಅದು ಸಾಮಾನ್ಯವಾಗಿ ಯಾವುದೋ ವಿದ್ಯಾಸಂಸ್ಥೆಯದೋ ಸಮಾಜದ ಸಂಘದ್ದೋ ಆಗಿರುತ್ತದೆ. ನಕಲು ಮಾಡಿದ ಬೈಲಾದಲ್ಲಿ ‘ಶಾಲಾ ಶಿಕ್ಷಕರ ನೇಮಕ’ದ ನಿಯಮ ಹಾಗೇ ಉಳಿದು, ಯುವ ಸಂಘಕ್ಕೆ ಬೇಕಾದ್ದು ಒಂದೂ ಇರುವುದಿಲ್ಲ. ಕೆಳಗಿನವು ನಿಮ್ಮ ಬೈಲಾದಲ್ಲಿ ಇವೆಯೇ ನೋಡಿ.

ಸದಸ್ಯತ್ವ: 18 ತುಂಬಿದವರು ಮತದಾನದ ಹಕ್ಕಿರುವ ಸಾಮಾನ್ಯ ಸದಸ್ಯರು. 15ರಿಂದ 17ರವರು ಪಾಲಕರ ಲಿಖಿತ ಒಪ್ಪಿಗೆಯೊಂದಿಗೆ ಸಹ ಸದಸ್ಯರು. ಸಭೆಗೆ ಬರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಈ ವ್ಯತ್ಯಾಸ ಬರೆಯದೆ ಪಿಯು ಹುಡುಗರ ಸಹಿ ಹಾಕಿಸಿದ ಪಟ್ಟಿ ನೋಂದಣಿಯಲ್ಲೇ ವಾಪಸ್ ಬರುತ್ತದೆ.

ವಯಸ್ಸು: ಕಾರ್ಯಕಾರಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಯ್ಕೆಯ ದಿನ 29 ಮೀರಿರಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಒಂದೇ ಸ್ಥಾನದಲ್ಲಿ ಸತತ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ ಎಂದೂ ಬರೆಯಿರಿ. ಕಾನೂನು ಇದನ್ನು ಕೇಳುವುದಿಲ್ಲ, ನೀವೇ ಹಾಕಿಕೊಳ್ಳಬೇಕು. ಹಾಕಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಓಣಿಯಲ್ಲೇ ಉದಾಹರಣೆ ಸಿಗುತ್ತದೆ: ಹೆಸರು ‘ಯುವಕ ಮಂಡಳ’, ಅಧ್ಯಕ್ಷರಿಗೆ ಮೊಮ್ಮಕ್ಕಳು.

ಅವಧಿ: ಎರಡು ವರ್ಷ ಸಾಕು. ಐದು ವರ್ಷ ಇಟ್ಟರೆ ಓದು ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೋ ಪುಣೆಗೋ ಹೋದವರ ಹೆಸರಿನಲ್ಲೇ ಸಮಿತಿ ಉಳಿದು, ಸಹಿಗೆ ಅವರನ್ನು ಕಾಯುತ್ತ ಕೂರಬೇಕಾಗುತ್ತದೆ.

ಕೋರಂ: ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಾತಿ. ಉತ್ಸಾಹದಲ್ಲಿ ‘ಮೂರನೇ ಎರಡು ಭಾಗ’ ಎಂದು ಬರೆಯುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಒಂದು ಸಭೆಯೂ ನಡೆಯುವುದಿಲ್ಲ. ಸರ್ವಸಾಧಾರಣ ಸಭೆಗೆ ಮೂರನೇ ಒಂದು ಭಾಗ, ಸಮಿತಿಗೆ ಅರ್ಧ ಇಟ್ಟುಕೊಳ್ಳಿ. ಕೋರಂ ಆಗದಿದ್ದರೆ ಸಭೆ ಮುಂದೂಡುವ ವಿಧಾನವನ್ನೂ ಬರೆಯಿರಿ.

ನೋಟಿಸು: ಸರ್ವಸಾಧಾರಣ ಸಭೆಗೆ 21 ದಿನ, ಸಮಿತಿಗೆ 7 ದಿನ. ವಾಟ್ಸ್‌ಆ್ಯಪ್ ಸಂದೇಶ ಮತ್ತು ಇಮೇಲ್ ಎರಡನ್ನೂ ನೋಟಿಸಿನ ವಿಧಾನವೆಂದು ಬೈಲಾದಲ್ಲೇ ಸೇರಿಸಿ. ಇಲ್ಲದಿದ್ದರೆ ಜಗಳ ಬಂದ ದಿನ ‘ನನಗೆ ಅಂಚೆಯಲ್ಲಿ ನೋಟಿಸು ಬಂದಿಲ್ಲ’ ಎಂಬ ತಕರಾರು ಏಳುತ್ತದೆ.

ಯೋಜನಾ ನಿಧಿ: ಇದು ಸಿದ್ಧ ಬೈಲಾಗಳಲ್ಲಿ ಸಿಗುವುದಿಲ್ಲ. ವಾರ್ಷಿಕ ಬಜೆಟ್ಟಿನ ಇಂತಿಷ್ಟು ಭಾಗ ಯುವ ತಂಡಗಳ ಯೋಜನೆಗೆ ಮೀಸಲು. ಅದರ ಖರ್ಚಿನ ತೀರ್ಮಾನ ತಂಡದ್ದೇ. ಕಾನೂನು ಅಥವಾ ಸುರಕ್ಷತೆಯ ಪ್ರಶ್ನೆ ಇದ್ದರೆ ಮಾತ್ರ ಸಮಿತಿ ತಡೆಯಬಹುದು, ತಡೆದರೆ ಕಾರಣ ಬರೆದು ಕೊಡಬೇಕು. ಶೇ 30ರಿಂದ 40 ಇಟ್ಟುಕೊಳ್ಳುವುದು ಒಳ್ಳೆಯದು.

ವಿಸರ್ಜನೆ: ಸಂಘ ಮುಚ್ಚಿದರೆ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗದೆ ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು ಎಂಬ ಸಾಲು. ಇದಿಲ್ಲದಿದ್ದರೆ ತೆರಿಗೆ ವಿನಾಯಿತಿಯ ಅರ್ಜಿ ನಿಂತುಹೋಗುತ್ತದೆ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್ ಎಂಬುದನ್ನೂ ಇಲ್ಲೇ ಬರೆಯಿರಿ.

ಒಂದೇ ಮನೆಯವರನ್ನು ಸಂಸ್ಥಾಪಕರ ಪಟ್ಟಿಯಲ್ಲಿ ತುಂಬಬೇಡಿ. ಏಳರ ಲೆಕ್ಕ ತುಂಬಿಸಲು ಅಣ್ಣ, ಅತ್ತಿಗೆ, ಭಾವ ಎಂದು ಸೇರಿಸಿದರೆ ನೋಂದಣಿಯೇನೋ ಆದೀತು. ಮುಂದೆ ದಾನಿಯೂ ತೆರಿಗೆ ಇಲಾಖೆಯೂ ಹುಬ್ಬೇರಿಸುತ್ತಾರೆ.

4. ಮೊದಲ ಸಭೆ ಮತ್ತು ನೋಂದಣಿ

ಏಳು ಜನವೂ ಒಂದು ದಿನ ಕೂತು ಸಭೆ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ನಡಾವಳಿ ಎಂದರೆ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬ ದಾಖಲೆ. ಪುಟಸಂಖ್ಯೆ ಅಚ್ಚಾಗಿರುವ, ಹೊಲಿಗೆ ಹಾಕಿದ ಪುಸ್ತಕ ಕೊಳ್ಳಿ. ಹಾಳೆ ಕಿತ್ತು ಸೇರಿಸಬಹುದಾದ ಫೈಲು ಬೇಡ. ಒಂದು ಠರಾವು ಹೀಗಿರುತ್ತದೆ:

‘ಠರಾವು 4: ಸಂಘದ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಲು ತೀರ್ಮಾನಿಸಲಾಯಿತು. ಖಾತೆಯನ್ನು ಕಾರ್ಯದರ್ಶಿ ಮತ್ತು ಖಜಾಂಚಿ ಜಂಟಿಯಾಗಿ ನಡೆಸತಕ್ಕದ್ದು. ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಕಡ್ಡಾಯ. ಸೂಚಕರು, ಅನುಮೋದಕರು, ಸರ್ವಾನುಮತ.’

ಸೂಚಕ, ಅನುಮೋದಕರ ಜಾಗದಲ್ಲಿ ಹೆಸರು ತುಂಬಿ. ಚರ್ಚೆಯಲ್ಲಿ ಯಾರು ಎಷ್ಟು ಕೂಗಾಡಿದರು ಎಂಬುದು ನಡಾವಳಿಗೆ ಬೇಡ. ತೀರ್ಮಾನ, ಮತಗಳ ಎಣಿಕೆ, ಯಾರಾದರೂ ವಿರೋಧ ದಾಖಲಿಸಲು ಕೇಳಿದ್ದರೆ ಅದು, ಇಷ್ಟು ಸಾಕು. ಕೊನೆಯ ಸಾಲಿನ ಕೆಳಗೆ ಜಾಗ ಬಿಡದೆ ಗೆರೆ ಎಳೆದು, ಅದರ ಕೆಳಗೆ ಸಹಿ ಮಾಡಿಸಿ.

ಅರ್ಜಿ ಹೋಗುವುದು ಸಹಕಾರ ಇಲಾಖೆಯ ಅಡಿ ಬರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಆನ್‌ಲೈನ್‌ನಲ್ಲಿ ಹಾಕಿದರೂ ಮೂಲ ದಾಖಲೆಯ ಒಂದು ಕಟ್ಟು ಜೊತೆಗಿರಲಿ. ಅರ್ಜಿ ವಾಪಸ್ ಬರುವ ಕಾರಣಗಳು ಬಹುತೇಕ ಸಣ್ಣವು: ಆಧಾರ್‌ನಲ್ಲಿ ‘ಬಸವರಾಜ’, ಪಟ್ಟಿಯಲ್ಲಿ ‘ಬಸವರಾಜು’, ಕರೆಂಟ್ ಬಿಲ್ಲು ಒಬ್ಬರ ಹೆಸರಲ್ಲಿ, ಒಪ್ಪಿಗೆ ಪತ್ರ ಇನ್ನೊಬ್ಬರದು, ಬೈಲಾದ ಪ್ರತಿ ಪುಟಕ್ಕೂ ಸಹಿ ಇಲ್ಲ, ಸಭೆಯ ದಿನಾಂಕಕ್ಕಿಂತ ಹಿಂದಿನ ದಿನಾಂಕದ ಒಪ್ಪಿಗೆ ಪತ್ರ. ಸಲ್ಲಿಸುವ ಮುನ್ನ ಇನ್ನೊಬ್ಬರ ಕೈಗೆ ಕೊಟ್ಟು ಹೆಸರು-ದಿನಾಂಕಗಳನ್ನು ಮಾತ್ರ ಓದಿಸಿ.

5. ಪ್ಯಾನ್ ಮತ್ತು ಬ್ಯಾಂಕು

ನೋಂದಣಿ ಪತ್ರ ಬಂದ ವಾರವೇ ಸಂಘದ ಹೆಸರಿನಲ್ಲಿ ಪ್ಯಾನ್. ನಂತರ ಬ್ಯಾಂಕು. ಅಲ್ಲಿ ನೋಂದಣಿ ಪತ್ರ, ಬೈಲಾ, ಪ್ಯಾನ್, ಠರಾವಿನ ಪ್ರತಿ, ಸಹಿದಾರರ ದಾಖಲೆ ಕೇಳುತ್ತಾರೆ. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ಒಂದು ಎಚ್ಚರಿಕೆಯ ಹೊರತು: ಖಾತೆ ತೆರೆಯುವವರೆಗೆ ಖಜಾಂಚಿಯ ಸ್ವಂತ ಫೋನ್‌ಪೇ ಕೋಡಿಗೆ ದೇಣಿಗೆ ಹಾಕಿಸಬೇಡಿ. ‘ಎರಡು ವಾರದ ಮಟ್ಟಿಗೆ’ ಎಂದು ಅಂಟಿಸಿದ ಕ್ಯೂಆರ್ ಚೀಟಿ ವರ್ಷಗಟ್ಟಲೆ ಉಳಿಯುತ್ತದೆ. ಆ ಹಣ ಅವರ ಸ್ವಂತ ಆದಾಯದೊಂದಿಗೆ ಬೆರೆತುಹೋದ ಮೇಲೆ ಪ್ರಾಮಾಣಿಕರಿಗೂ ಲೆಕ್ಕ ಬಿಡಿಸಲು ಆಗುವುದಿಲ್ಲ.

6. ತೆರಿಗೆ: 12ಎ, 80ಜಿ

ಆದಾಯ ತೆರಿಗೆ ಕಾಯ್ದೆ, 2025 ಜಾರಿಗೆ ಬಂದ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೂ ಎಲ್ಲರ ಬಾಯಲ್ಲಿ ಇರುವುದು ಹಳೆಯ ಹೆಸರುಗಳೇ, ಇಲ್ಲೂ ಅವನ್ನೇ ಬಳಸಿದೆ. 12ಎ ಎಂದರೆ ಸಂಘಕ್ಕೆ ಬಂದ ಹಣದ ಮೇಲೆ ಸಂಘ ತೆರಿಗೆ ಕಟ್ಟದಂತೆ ಸಿಗುವ ನೋಂದಣಿ. 80ಜಿ ಎಂದರೆ ನಿಮಗೆ ದಾನ ಕೊಟ್ಟವರಿಗೆ ಅವರ ತೆರಿಗೆಯಲ್ಲಿ ಸಿಗುವ ಕಡಿತ.

ಕೆಲಸ ಶುರುವಾಗುವ ಮುನ್ನ ಅರ್ಜಿ ಹಾಕಿದರೆ 3 ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಹಲವರು ಇಲ್ಲೇ ಎಡವುವುದು. ಮೂರು ವರ್ಷ ಇದೆಯಲ್ಲ ಎಂದು ಸುಮ್ಮನಾಗುತ್ತಾರೆ. ನಿಯಮಿತ ನೋಂದಣಿಗೆ ಅರ್ಜಿ ಹಾಕಬೇಕಾದ್ದು ಚಟುವಟಿಕೆ ಶುರುವಾದ 6 ತಿಂಗಳೊಳಗೆ, ಅಥವಾ ಅವಧಿ ಮುಗಿಯಲು 6 ತಿಂಗಳು ಇರುವಾಗ. ಯಾವುದು ಮೊದಲೋ ಅದು. ಮೊದಲ ತರಬೇತಿ ನಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಐದನೇ ತಿಂಗಳಿಗೆ ಸಿಎ ಬಳಿ ಹೋಗಿ.

80ಜಿ ಬಗ್ಗೆ ಅತಿ ನಿರೀಕ್ಷೆ ಬೇಡ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಅದು ಅನ್ವಯಿಸುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೂ ಅದರಿಂದ ಲಾಭವಿಲ್ಲ. ಆದರೂ ಮಾಡಿಸಿಕೊಳ್ಳಿ, ಮುಂದೆ ಕಂಪನಿಗಳ ಹಣ ಕೇಳುವಾಗ ಅದು ಬೇಕು.

7. ಮೊದಲ ಮಗು ಬಾಗಿಲಿಗೆ ಬರುವ ಮುನ್ನ

18 ತುಂಬದವರೆಲ್ಲ ಕಾನೂನಿನ ಕಣ್ಣಿಗೆ ಮಕ್ಕಳು. 2012ರ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. ‘ನಾವೇ ಮಾತಾಡಿ ಬಗೆಹರಿಸೋಣ, ಸಂಘದ ಹೆಸರು ಕೆಡುತ್ತದೆ’ ಎಂದು ಮುಚ್ಚಿಡುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ತರಬೇತಿ ಕೋಣೆಯ ಗೋಡೆಗೆ ಅಂಟಿಸಿ.

ಇನ್ನು ನಾಲ್ಕು ನಿಯಮ ಬರೆದು, ಪ್ರತಿ ಸ್ವಯಂಸೇವಕರಿಂದ ಸಹಿ ಪಡೆಯಿರಿ. ಹಿರಿಯರೊಬ್ಬರು ಕಿರಿಯರೊಬ್ಬರ ಜೊತೆ ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ. ರಾತ್ರಿ ಹೊತ್ತು ಖಾಸಗಿ ಸಂದೇಶ ಇಲ್ಲ. ವಿಷಯ ಏನಿದ್ದರೂ ಗುಂಪಿನಲ್ಲಿ. ಪಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಹೊರಸಂಚಾರ ಇಲ್ಲ, ಫೋಟೊ ಹಂಚಿಕೆಯೂ ಇಲ್ಲ. ದೂರು ಯಾರ ಬಳಿ ಹೇಳಬೇಕೆಂದು ಇಬ್ಬರ ಹೆಸರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳವಿಲ್ಲದ ಸ್ವಯಂಸೇವಕರನ್ನೂ ‘ಉದ್ಯೋಗಿ’ ಎಂದೇ ಎಣಿಸುತ್ತದೆ. ನಿಮ್ಮಲ್ಲಿ 10 ಜನ ಆದರೆ ಆಂತರಿಕ ಸಮಿತಿ ಬೇಕು. ‘ನಮ್ಮಲ್ಲಿ ಉದ್ಯೋಗಿಗಳೇ ಇಲ್ಲ’ ಎಂಬ ಉತ್ತರ ನಡೆಯುವುದಿಲ್ಲ.

8. ಮೊದಲ ತಂಡ: 24 ಜನ, 12 ಭಾನುವಾರ

ಆಯ್ಕೆಯಲ್ಲೇ ದಾರಿ ತಪ್ಪುವುದು ಹೆಚ್ಚು. ಕಾಲೇಜಿಗೆ ಹೋಗಿ ‘ಒಳ್ಳೆಯ ಭಾಷಣಕಾರರನ್ನು ಕಳಿಸಿ’ ಎಂದರೆ ಈಗಾಗಲೇ ಹತ್ತು ಬಹುಮಾನ ಗೆದ್ದವರೇ ಬರುತ್ತಾರೆ. ಅವರಿಗೆ ನಿಮ್ಮ ಅಗತ್ಯ ಕಡಿಮೆ. ಪದವಿ ಕಾಲೇಜಿನವರು ಆರು, ಪಿಯು ಆರು, ಐಟಿಐ ಮತ್ತು ಡಿಪ್ಲೊಮಾ ಆರು, ಓದು ಬಿಟ್ಟು ಅಂಗಡಿ, ಗ್ಯಾರೇಜು, ಡೆಲಿವರಿ ಕೆಲಸದಲ್ಲಿರುವವರು ಆರು. ಒಟ್ಟಿನಲ್ಲಿ ಅರ್ಧ ಹೆಣ್ಣುಮಕ್ಕಳು. ಹೀಗೆ ಜಾಗ ಹಂಚಿಟ್ಟುಕೊಂಡೇ ಅರ್ಜಿ ಕರೆಯಿರಿ. ಅರ್ಜಿ ಒಂದೇ ಪುಟ, ಒಂದೇ ಪ್ರಶ್ನೆ: ‘ನಿಮ್ಮ ಓಣಿಯಲ್ಲಿ ಸರಿಯಾಗಬೇಕಾದ ಒಂದು ಸಂಗತಿ ಯಾವುದು, ಅದು ಇದುವರೆಗೆ ಯಾಕೆ ಸರಿಯಾಗಿಲ್ಲ?’ ಬರೆಯಲು ಹಿಂಜರಿಯುವವರು ಬಾಯಲ್ಲಿ ಹೇಳಿದರೂ ನಡೆಯಲಿ.

ಸಮಯ ಭಾನುವಾರ ಬೆಳಿಗ್ಗೆ 10ರಿಂದ 1. ದುಡಿಯುವವರಿಗೆ ಅದೊಂದೇ ದಿನ ಸಿಗುತ್ತದೆ. ಸಂಜೆ ಇಟ್ಟರೆ ಎರಡು ವಾರದಲ್ಲಿ ಹುಡುಗಿಯರ ಸಂಖ್ಯೆ ಇಳಿಯುತ್ತದೆ, ಕಾರಣ ಹೇಳಬೇಕಿಲ್ಲ.

ಹನ್ನೆರಡು ವಾರಕ್ಕೆ ಹನ್ನೆರಡು ಉಪನ್ಯಾಸ ಇಟ್ಟರೆ ಮುಗಿಯಿತು ಕತೆ. ‘ವ್ಯಕ್ತಿತ್ವ ವಿಕಸನ’ದ ಭಾಷಣಕಾರರು ಎಲ್ಲೆಡೆ ಸಿಗುತ್ತಾರೆ, ಅವರಿಗೆ ಒಂದು ವಾರ ಸಾಕು, ಅದೂ ಬೇಕಿದ್ದರೆ. ಉಳಿದದ್ದು ಒಂದು ನಿಜವಾದ ಸಮಸ್ಯೆಯ ಬೆನ್ನು ಹತ್ತುವುದು. ಬೀದಿದೀಪವನ್ನೇ ತೆಗೆದುಕೊಳ್ಳೋಣ, ಇದರಲ್ಲಿ ಎಲ್ಲವೂ ಇದೆ.

ಮೊದಲ ಎರಡು ವಾರ ನಡಿಗೆ. 24 ಜನರನ್ನು ಆರಾರು ಜನರ ನಾಲ್ಕು ಸಣ್ಣ ತಂಡ ಮಾಡಿ, ಒಂದು ತಂಡಕ್ಕೆ ಒಂದು ವಾರ್ಡಿನ ನಾಲ್ಕು ಬೀದಿ. ಮೂವರು ಮೂವರಾಗಿ, ರಾತ್ರಿ 7ರಿಂದ 8.30ರೊಳಗೆ, ಪಾಲಕರ ಲಿಖಿತ ಒಪ್ಪಿಗೆ ಪಡೆದು, ಜೊತೆಗೊಬ್ಬ ಹಿರಿಯರು ಹತ್ತು ಹೆಜ್ಜೆ ಹಿಂದೆ. ಕೈಯಲ್ಲಿ ಐದು ಅಂಕಣದ ಹಾಳೆ: ಕಂಬದ ಮೇಲಿನ ಸಂಖ್ಯೆ, ಹತ್ತಿರದ ಮನೆಯ ನಂಬರು, ದೀಪದ ಸ್ಥಿತಿ, ನೋಡಿದ ಸಮಯ, ಟಿಪ್ಪಣಿ. ಸ್ಥಿತಿಗೆ ನಾಲ್ಕೇ ಪದ: ಉರಿಯುತ್ತಿದೆ, ಮಿನುಗುತ್ತಿದೆ, ಆರಿದೆ, ದೀಪವೇ ಇಲ್ಲ. ‘ಹನುಮಪ್ಪನ ಗುಡಿ ಹತ್ತಿರದ ಕಂಬ’ ಎಂದು ಬರೆದ ಹಾಳೆ ಕಚೇರಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ವಾರ್ಡಿನಲ್ಲಿ ಹನುಮಪ್ಪನ ಗುಡಿ ಮೂರಿರುತ್ತವೆ. ಕಂಬಕ್ಕೆ ಸಂಖ್ಯೆ ಇಲ್ಲದಿದ್ದರೆ ಎದುರಿನ ಮನೆ ನಂಬರು ಮತ್ತು ಮೊಬೈಲಿನ ನಕ್ಷೆಯ ಗುರುತು ಎರಡೂ ಬೇಕು. ಒಂದೇ ರಾತ್ರಿ ನೋಡಿ ನಿರ್ಧರಿಸಬೇಡಿ, ಅಂದು ಆ ಸಾಲಿನಲ್ಲೇ ಕರೆಂಟ್ ಹೋಗಿರಬಹುದು. ಮೂರು ದಿನ ಬಿಟ್ಟು ಇನ್ನೊಮ್ಮೆ ಅದೇ ಬೀದಿ. ಮತ್ತೊಂದು ದಿನ ಬೆಳಿಗ್ಗೆ 8ಕ್ಕೆ ಹೋದರೆ ಹಗಲಲ್ಲೂ ಉರಿಯುವ ದೀಪಗಳ ಪಟ್ಟಿ ಸಿಗುತ್ತದೆ. ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಅಧಿಕಾರಿಗಳು ಅದಕ್ಕೆ ಬೇಗ ಕಿವಿಗೊಡುತ್ತಾರೆ, ಏಕೆಂದರೆ ಅದು ಬಿಲ್ಲಿನ ಪ್ರಶ್ನೆ.

ಮೂರನೇ ವಾರ, ಇದು ಯಾರ ಕೆಲಸ ಎಂದು ಪತ್ತೆ ಮಾಡುವುದು. ದೀಪದ ನಿರ್ವಹಣೆ ಮಹಾನಗರ ಪಾಲಿಕೆಯದು. ವಿದ್ಯುತ್ ಪೂರೈಕೆ ಮತ್ತು ಲೈನು ಹೆಸ್ಕಾಂನದು, ಅಂದರೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು. ಹೆದ್ದಾರಿಯ ಪಕ್ಕ ಆದರೆ ಬೇರೆಯದೇ ಇಲಾಖೆ. ತಪ್ಪು ಕಚೇರಿಗೆ ಹೋಗಿ ‘ನಮ್ಮದಲ್ಲ’ ಎಂದು ಕೇಳಿಸಿಕೊಂಡು ಬರುವುದೂ ಪಾಠವೇ, ಅದನ್ನು ಹಿರಿಯರು ಮೊದಲೇ ಹೇಳಿ ತಪ್ಪಿಸಬೇಡಿ.

ನಾಲ್ಕನೇ ವಾರ ವಲಯ ಕಚೇರಿಗೆ ಪಟ್ಟಿ ಸಮೇತ ಮನವಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಇಲ್ಲದ ಮನವಿ ಕೊಟ್ಟೇ ಇಲ್ಲದ ಹಾಗೆ. ಹೂಗುಚ್ಛ ಬೇಡ, ಕಚೇರಿಯೊಳಗೆ ಫೋಟೊ ಬೇಡ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ, 2005ರ ಕಾಯ್ದೆಯಡಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ, ಉತ್ತರಕ್ಕೆ 30 ದಿನ. ಸಂಘದ ಹೆಸರಿನಲ್ಲಿ ಹಾಕಬೇಡಿ. ಹಕ್ಕು ಇರುವುದು ನಾಗರಿಕರಿಗೆ, ಆದ್ದರಿಂದ ತಂಡದ ಒಬ್ಬ ಸದಸ್ಯರು ಸ್ವಂತ ಹೆಸರಿನಲ್ಲಿ ಸಹಿ ಮಾಡಲಿ. ‘ನಮ್ಮ ಬೀದಿಯ ದೀಪ ಯಾಕೆ ಉರಿಯುತ್ತಿಲ್ಲ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಈ ಕಾಯ್ದೆ ಕೊಡಿಸುವುದು ಕಡತದಲ್ಲಿರುವ ಕಾಗದವನ್ನು. ಆದ್ದರಿಂದ ಹೀಗೆ ಕೇಳಿ: ‘ವಾರ್ಡಿನ ಬೀದಿದೀಪ ನಿರ್ವಹಣೆಗೆ 2025-26ರಲ್ಲಿ ನೀಡಿದ ಕಾರ್ಯಾದೇಶದ ಪ್ರತಿ, ಮತ್ತು ಅದೇ ಅವಧಿಯ ದೂರು ವಹಿಯ ಪ್ರತಿ.’ ಕಾರ್ಯಾದೇಶದಲ್ಲಿ ಕೆಟ್ಟ ದೀಪ ಎಷ್ಟು ದಿನದಲ್ಲಿ ಸರಿಯಾಗಬೇಕೆಂಬ ಷರತ್ತು ಇದ್ದರೆ, ಮುಂದಿನ ಮನವಿಗೆ ಅದೊಂದು ಸಾಲೇ ಬಲ.

ಮೂವತ್ತು ದಿನ ಕಾಯುವಾಗ ತಂಡದ ಉತ್ಸಾಹ ಕುಸಿಯುತ್ತದೆ, ಆರನೇ ವಾರದ ಹೊತ್ತಿಗೆ ಹಾಜರಿ 24ರಿಂದ ಹದಿನೈದಕ್ಕೂ ಇಳಿಯಬಹುದು. ಗಾಬರಿ ಬೇಡ. ಈ ವಾರಗಳಿಗೆಂದೇ ಬೇರೆ ಕೆಲಸ ಇಟ್ಟುಕೊಳ್ಳಿ: ಪಾಲಿಕೆಯ ಬಜೆಟ್ ಪುಸ್ತಕ ಓದುವುದು, ಸಭೆ ನಡೆಸಿ ನಡಾವಳಿ ಬರೆಯುವುದು, ಮತದಾರರ ಪಟ್ಟಿಗೆ ಹೆಸರು ಸೇರಿಸುವುದು. 17 ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿಯೇ ಅರ್ಜಿ ಹಾಕಬಹುದು. 18 ತುಂಬುವುದಕ್ಕೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಪಕ್ಷದ ಶಾಲು ಹಾಕಿಕೊಂಡು ಈ ಕೆಲಸ ಮಾಡಿಸಬೇಡಿ. ಚುನಾವಣೆ ಹತ್ತಿರ ಇದ್ದಾಗ ‘ನಿಮ್ಮ ಹುಡುಗರನ್ನು ಒಂದು ದಿನ ಕಳಿಸಿ’ ಎಂಬ ಕರೆ ಬಂದೇ ಬರುತ್ತದೆ, ಉತ್ತರವನ್ನು ಮೊದಲೇ ಠರಾವು ಮಾಡಿಟ್ಟುಕೊಳ್ಳಿ.

ವಾರ್ಡ್ ಸಮಿತಿಯನ್ನೂ ಪರಿಚಯಿಸಿ. ಬೆಂಗಳೂರಿನ ಹೊರಗಿನ ಮಹಾನಗರ ಪಾಲಿಕೆಗಳಿಗೆ ಅನ್ವಯಿಸುವ 1976ರ ಕಾಯ್ದೆಯಲ್ಲಿ ಪ್ರತಿ ವಾರ್ಡಿಗೆ ಪಾಲಿಕೆ ಸದಸ್ಯರ ಅಧ್ಯಕ್ಷತೆಯ ಸಮಿತಿ ಇದೆ. ಹತ್ತು ನಾಮನಿರ್ದೇಶಿತ ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ನಿಮ್ಮ ವಾರ್ಡಿನಲ್ಲಿ ಸಮಿತಿ ರಚನೆಯಾಗಿದೆಯೇ, ಸಭೆ ನಡೆಯುತ್ತಿದೆಯೇ ಎಂದು ಪತ್ತೆ ಮಾಡುವುದೇ ಒಂದು ತಂಡಕ್ಕೆ ಮೂರು ವಾರದ ಕೆಲಸ.

ಕೊನೆಯ ನಾಲ್ಕು ವಾರ ಪ್ರತಿ ತಂಡಕ್ಕೆ 3,000 ರೂಪಾಯಿ ಕೊಟ್ಟು, ತಮ್ಮ ಆಯ್ಕೆಯ ಯೋಜನೆ ಮಾಡಲು ಬಿಡಿ. ಮಾರ್ಗದರ್ಶಕರಿಗೆ ನಿಯಮ ಒಂದೇ: ತಂಡದ ಸಭೆಯಲ್ಲಿ ಮೊದಲ 40 ನಿಮಿಷ ಬಾಯಿ ತೆರೆಯುವಂತಿಲ್ಲ. ಹಣ ಪೋಲಾದರೂ ಆಗಲಿ. ಆ 3,000ದ ಲೆಕ್ಕವನ್ನು ಬಿಲ್ಲು ಸಮೇತ ಎಲ್ಲರ ಮುಂದೆ ಒಪ್ಪಿಸುವುದು ಮಾತ್ರ ಕಡ್ಡಾಯ.

ಖರ್ಚಿನ ಅಂದಾಜು ಇಲ್ಲಿದೆ. ಚಹಾ-ಬಿಸ್ಕತ್ತು ತಲೆಗೆ 15ರಂತೆ 12 ವಾರಕ್ಕೆ 4,320. ನೋಟ್‌ಬುಕ್ಕು 960. ಜೆರಾಕ್ಸ್, ಚಾರ್ಟು 1,500. ನಾಲ್ಕು ಹೊರಸಂಚಾರಕ್ಕೆ ತಲೆಗೆ 50ರಂತೆ ಬಸ್ಸಿಗೆ 4,800. ನಾಲ್ಕು ತಂಡಗಳ ಯೋಜನೆಗೆ 12,000. ಬಂದುಹೋಗುವ ತರಬೇತುದಾರರ ಪ್ರಯಾಣ 3,600. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ 1,000. ಒಟ್ಟು 28,180, ಮೇಲೆ ಶೇ 10 ಇತರೆ ಸೇರಿಸಿದರೆ ಸುಮಾರು 31,000. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದರ ಇಲ್ಲದ್ದರಿಂದ ಬಸ್ಸಿನ ಬಾಬತ್ತು ಅರ್ಧಕ್ಕೆ ಇಳಿಯುತ್ತದೆ. ಜಾಗಕ್ಕೆ ಬಾಡಿಗೆ ಹಾಕಿಲ್ಲ. ಸರ್ಕಾರಿ ಶಾಲೆಯ ಕೋಣೆಯನ್ನು ಲಿಖಿತ ಅನುಮತಿ ಪಡೆದು ಬಳಸಿ. ಸಮಾರೋಪಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ಲೆಕ್ಸು ಸೇರಿಸಿದರೆ ಇಷ್ಟೇ ದುಡ್ಡು ಒಂದು ಸಂಜೆಯಲ್ಲಿ ಮುಗಿಯುತ್ತದೆ.

9. ಹಣ ಎಲ್ಲಿಂದ

ಮೊದಲ ವರ್ಷ ಊರಿನವರಿಂದಲೇ. ತಿಂಗಳಿಗೆ 200 ರೂಪಾಯಿ ಕೊಡುವ 20 ಜನ ಸಿಕ್ಕರೆ ವರ್ಷಕ್ಕೆ 48,000. ಮೇಲಿನ ಒಂದು ತಂಡ ನಡೆದು ಇನ್ನೂ ಉಳಿಯುತ್ತದೆ. ಪ್ರತಿಯೊಬ್ಬರಿಗೂ ಸಂಖ್ಯೆ ಇರುವ ರಸೀದಿ.

ಸರ್ಕಾರದ ಕಡೆ, ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ಕೇಂದ್ರದ ‘ಮೈ ಭಾರತ್’ ವೇದಿಕೆ ನೋಡಿ. ಅನುದಾನ ಕೇಳುವ ಮುನ್ನ ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಗುರುತಿನ ಸಂಖ್ಯೆ ಪಡೆದಿರಬೇಕು.

ಸಿಎಸ್‌ಆರ್, ಅಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂಬ ನಿಯಮದ ಹಣ, ಮೊದಲ ವರ್ಷ ಕನಸು ಬೇಡ. ಅದಕ್ಕೆ 12ಎ, 80ಜಿ, ಸಿಎಸ್‌ಆರ್-1 ನೋಂದಣಿ ಮತ್ತು ಮೂರು ವರ್ಷದ ಕೆಲಸದ ದಾಖಲೆ ಬೇಕಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರ ಹಣದ ವಿಷಯದಲ್ಲಿ ಬಹಳ ಎಚ್ಚರ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಫ್‌ಸಿಆರ್‌ಎ, ಅದರಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ಮೂಲದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈಯಲ್ಲಿ ದುಡಿಯುವ ನಿಮ್ಮ ಗೆಳೆಯ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣ ರಜೆಗೆ ಬಂದಾಗ ಹುಬ್ಬಳ್ಳಿಯಲ್ಲೇ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಅಷ್ಟೇ. ಅಲ್ಲಿನ ಕನ್ನಡ ಕೂಟದ ಹಣವೂ ಹಾಗೆಯೇ. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಲು ಸಂಕೋಚವಾದರೆ ರಸೀದಿ ನಮೂನೆಯಲ್ಲೇ ‘ಪೌರತ್ವ’ ಎಂಬ ಅಂಕಣ ಇಟ್ಟುಬಿಡಿ.

10. ಪ್ರತಿ ವರ್ಷದ ಕೆಲಸ ಮತ್ತು ಹಸ್ತಾಂತರ

ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿ, ಜೂನ್ ಒಳಗೆ ಲೆಕ್ಕಪರಿಶೋಧನೆ ಮುಗಿಸಿ, ಜುಲೈ-ಆಗಸ್ಟ್‌ನಲ್ಲಿ ಸರ್ವಸಾಧಾರಣ ಸಭೆ ಮಾಡಿ. ಸಭೆಯಾದ 14 ದಿನಗಳೊಳಗೆ ಸಮಿತಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದು ಸಂಘಗಳ ನೋಂದಣಿ ಕಾಯ್ದೆಯ ಸೆಕ್ಷನ್ 13ರ ಕೆಲಸ, ಆಡುಮಾತಿನಲ್ಲಿ ‘ನವೀಕರಣ’. ಒಂದು ವರ್ಷ ಬಿಟ್ಟರೆ ದಂಡ, ಹಲವು ವರ್ಷ ಬಿಟ್ಟರೆ ನೋಂದಣಿಗೇ ಕುತ್ತು. ಕೆಲಸ ಏನೂ ನಡೆಯದ ವರ್ಷವೂ ಇದನ್ನು ಮಾಡಲೇಬೇಕು.

ಹೊಸ ಸಮಿತಿ ಬಂದಾಗ ಹಳೆಯವರು ಒಂದು ಪೆಟ್ಟಿಗೆ ಒಪ್ಪಿಸಿ, ಪಟ್ಟಿಗೆ ಇಬ್ಬರೂ ಸಹಿ ಮಾಡಬೇಕು: ಮೂಲ ನೋಂದಣಿ ಪತ್ರ, ಮೊಹರು ಬಿದ್ದ ಬೈಲಾ, ಪ್ಯಾನ್, ನಡಾವಳಿ ಪುಸ್ತಕ, ಸದಸ್ಯರ ವಹಿ, ನಗದು ಪುಸ್ತಕ, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ಚೆಕ್ ಪುಸ್ತಕ, ಸಂಘದ ರಬ್ಬರ್ ಮೊಹರು, ತೆರಿಗೆ ನೋಂದಣಿಯ ಪ್ರತಿಗಳು, ಪಾಲಕರ ಒಪ್ಪಿಗೆ ಪತ್ರಗಳ ಕಟ್ಟು. ಬ್ಯಾಂಕಿನ ಸಹಿದಾರರ ಬದಲಾವಣೆಗೆ ಹೊಸ ಠರಾವು ಅದೇ ಸಭೆಯಲ್ಲಿ ಆಗಲಿ. ಇಮೇಲ್, ತೆರಿಗೆ ಜಾಲತಾಣ ಮತ್ತು ದರ್ಪಣ್‌ನ ಪಾಸ್‌ವರ್ಡುಗಳನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಇಡಿ. ಇವೆಲ್ಲಕ್ಕೂ ಒಟಿಪಿ ಬರುವ ಸಿಮ್ ಕಾರ್ಡನ್ನು ಸಂಘದ ಖರ್ಚಿನಲ್ಲಿ ಮೊದಲ ದಿನವೇ ಬೇರೆಯಾಗಿ ಕೊಂಡು, ಒಂದು ಸಾದಾ ಫೋನಿನಲ್ಲಿ ಹಾಕಿ, ಫೋನನ್ನೂ ಅದೇ ಪೆಟ್ಟಿಗೆಯಲ್ಲಿ ಇಡಿ. ಹಳೆಯ ಕಾರ್ಯದರ್ಶಿಯ ಸ್ವಂತ ನಂಬರಿಗೆ ಒಟಿಪಿ ಹೋಗುತ್ತಿದ್ದು, ಅವರು ಈಗ ಯಾವ ಊರಲ್ಲಿದ್ದಾರೆಂದೇ ಗೊತ್ತಿಲ್ಲದೆ ಕೂತ ಸಂಘಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.